ಕನ್ನಡ ಪ್ರಕಾಶಕರಿಗೊಂದು ಬಹಿರಂಗ ಪತ್ರ: ಎರಡನೇ ಭಾಗ ಓದಿದ ನಮ್ಮ ಮಕ್ಕಳ ಮಾತು ಸ್ವಲ್ಪ ಕೇಳಿ

ಕನ್ನಡ ಪುಸ್ತಕ ಪ್ರಕಾಶಕರಿಗೆ, ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯವರಿಗೆ ನಮಸ್ಕಾರ.

ನಾನು ಬಾಗಲಕೋಟೆ ನವನಗರದಲ್ಲಿ ಹೈಸ್ಕೂಲ್ ಟೀಚರ್. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಬರುತ್ತಾರೆ, ಎಲ್ಲರೂ ಕೂತು ಕಥೆ ಓದುತ್ತೇವೆ. ಈ ಪತ್ರ ಆ ಮಕ್ಕಳ ಪರವಾಗಿ ಬರೆಯುತ್ತಿದ್ದೇನೆ. ವಿಷಯ ಇಷ್ಟು: ಹನ್ನೆರಡರಿಂದ ಹದಿನೇಳು ವಯಸ್ಸಿನವರಿಗೆ ಕನ್ನಡದಲ್ಲಿ ಉದ್ದನೆಯ ಮಾಯಾಲೋಕದ ಕಥೆಗಳು ಬೇಕು, ಭಾಗಭಾಗವಾಗಿ ಬರುವಂಥವು, ಮತ್ತು ಒಂದನೇ ಭಾಗ ತಂದು ಅಲ್ಲಿಗೇ ಕೈಬಿಡದೆ ಕಥೆ ಮುಗಿಯುವವರೆಗೂ ತರಬೇಕು.

"ಈಗಿನ ಮಕ್ಕಳು ಅಷ್ಟೆಲ್ಲ ಓದಲ್ಲ ಬಿಡಿ" ಅಂತ ನೀವು ಹೇಳಬಹುದು. ಪುಸ್ತಕದ ಅಂಗಡಿಯಲ್ಲೂ ಇದೇ ಮಾತು, ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು. ಅದಕ್ಕೆ ನಾನು ವಾದ ಮಾಡಲ್ಲ. ಸುಮಾರು 700 ಪುಟದ ಒಂದು ಎರಡನೇ ಭಾಗವನ್ನು ಓದಿ ನಮ್ಮ ಮಕ್ಕಳು ಏನೇನು ಅಂದರು, ಎಲ್ಲಿ ಜಗಳ ಆಡಿದರು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಓದಿದ ಮೇಲೆ ನೀವೇ ಹೇಳಿ.

ನಾವು ಓದಿದ್ದು ಕ್ರಿಸ್ಟೋಫರ್ ಪಾವೊಲಿನಿ ಅವರ ಡ್ರ್ಯಾಗನ್ ಸವಾರನ ಕಥೆ. ಮೊದಲ ಭಾಗ 'ಎರಗಾನ್', ಎರಡನೆಯದು 'ಎಲ್ಡೆಸ್ಟ್'. ಪಾವೊಲಿನಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬೆಳೆದವರು, ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಈ ಕಥೆ ಶುರು ಮಾಡಿದಾಗ ಅವರಿಗೆ 15 ವರ್ಷ. ಮೊದಲು ಮನೆಯವರೇ ಅಚ್ಚು ಹಾಕಿಸಿದರು, 2003ರಲ್ಲಿ ದೊಡ್ಡ ಪ್ರಕಾಶನದವರು ತಂದರು, 2005ರಲ್ಲಿ ಎರಡನೇ ಭಾಗ ಬಂತು. ಆಗ ಅವರಿಗೆ 21. ಇದನ್ನು ಹೇಳಿದ ಕೂಡಲೇ ನಮ್ಮ ಮಕ್ಕಳು ಪುಸ್ತಕ ಹಿಡಿಯುವ ರೀತಿಯೇ ಬೇರೆ ಆಯಿತು, ತಮ್ಮದೇ ವಯಸ್ಸಿನ ಹುಡುಗ ಬರೆಯಲು ಕೂತಿದ್ದ ಕಥೆ ಅಲ್ವಾ.

ಇಂಗ್ಲಿಷ್ ಇವರಿಗೆ ಸುಲಭ ಅಲ್ಲ. ಒಬ್ಬರು ಜೋರಾಗಿ ಓದುತ್ತಾರೆ, ತೊಡಕಾದ ಕಡೆ ನಾನು ಕನ್ನಡದಲ್ಲಿ ಹೇಳುತ್ತೇನೆ, ಅದನ್ನೇ ಪಿಯುಸಿ ಹುಡುಗರು ಬಾಗಲಕೋಟೆ ಮಾತಿನಲ್ಲಿ ಚಿಕ್ಕವರಿಗೆ ಮತ್ತೆ ಹೇಳುತ್ತಾರೆ. ಹೀಗೆ ಒಂದೊಂದು ಅಧ್ಯಾಯಕ್ಕೂ ಮೂರು ಸಲ ಉಳುಮೆ. ಆದರೂ ಬಿಡಲಿಲ್ಲ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ, ನೀವು ಓದಬೇಕೆಂದಿದ್ದರೆ ಮೊದಲು ಪುಸ್ತಕ ಓದಿ ಬನ್ನಿ.

ಮೊದಲ ಭಾಗ ಬೇಗ ಹೇಳಿಬಿಡುತ್ತೇನೆ. ಹಳ್ಳಿ ಹುಡುಗ ಎರಗಾನ್‌ಗೆ ಬೇಟೆಗೆ ಹೋದಾಗ ನೀಲಿ ಕಲ್ಲು ಸಿಗುತ್ತದೆ, ಅದು ಮೊಟ್ಟೆ, ಒಡೆದು ಸಫೀರಾ ಎಂಬ ಡ್ರ್ಯಾಗನ್ ಹೊರಗೆ ಬರುತ್ತಾಳೆ. ರಾಜ ಗ್ಯಾಲ್ಬಟೋರಿಕ್ಸ್‌ನ ಕಡೆಯವರು ಬಂದು ಸಾಕಿದ ಮಾವನನ್ನು ಕೊಲ್ಲುತ್ತಾರೆ, ಹುಡುಗ ಊರು ಬಿಡುತ್ತಾನೆ. ಕೊನೆಗೆ ದೊಡ್ಡ ಯುದ್ಧ, ಬೆನ್ನಿಗೆ ದೊಡ್ಡ ಗಾಯ. ಇದಕ್ಕೆ ಎಲ್ಲರೂ ಒಂದೇ ಮಾತು, ಚಲೋ ಐತಿ. ಜಗಳ ಶುರುವಾಗಿದ್ದು ಎರಡನೇ ಭಾಗದಲ್ಲಿ.

ಎರಡನೇ ಭಾಗದಲ್ಲಿ ಎರಗಾನ್ ಕಾಡಿನೊಳಗಿನ ಎಲ್ಲೆಸ್ಮೆರಾ ಎಂಬ ಊರಿಗೆ ಹೋಗಿ ಒರೊಮಿಸ್ ಎಂಬ ಮುದಿ ಗುರುವಿನ ಹತ್ತಿರ ವಿದ್ಯೆ ಕಲಿಯುತ್ತಾನೆ. ಕಲಿಯುತ್ತಾನೆ, ಕಲಿಯುತ್ತಾನೆ, ಕಲಿಯುತ್ತಲೇ ಇರುತ್ತಾನೆ. ಈ ಭಾಗ ನಿಧಾನ ಎಂಬ ದೂರು ಬೇರೆ ದೇಶದ ಓದುಗರದ್ದೂ ಹೌದು. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪುಸ್ತಕ ಮಡಚಿಟ್ಟು ಕೇಳಿದ: "ಅಕ್ಕೋರ, ಇವ ಬರೇ ಗಿಡದ ಬುಡಕ ಕುಂತು ಇರಬಿ ನೋಡಾಕತ್ತಾನ, ಯುದ್ಧ ಯಾವಾಗ್ರಿ?" ಅರ್ಧ ಗುಂಪು ಅವನ ಕಡೆ.

ಆಗ ಮಾತು ತೆಗೆದವನು ಗರಡಿಗೆ ಹೋಗುವ ಹುಡುಗ. ಮುಧೋಳದ ಕಡೆಯವನು, ಕುಸ್ತಿ ಅಂದರೆ ಅವನಿಗೆ ಪ್ರಾಣ, ಓದಿನಲ್ಲಿ ಅಷ್ಟಕ್ಕಷ್ಟೇ ಅಂತ ಎಲ್ಲರೂ ಹೇಳುವ ಹುಡುಗ. ಅವನು ಹೇಳಿದ: "ಅಖಾಡದಾಗ ಕುಸ್ತಿ ಐದು ಮಿನಿಟ್ನ್ಯಾಗ ಮುಗಿತೈತಿ. ಅದಕ್ಕ ಮುಂಜಾನಿ ನಾಕಕ್ಕ ಎದ್ದು ವರ್ಷಗಟ್ಲೆ ಸಾಮು ಮಾಡಬೇಕು. ಅದನ್ನ ಯಾರೂ ನೋಡಾಂಗಿಲ್ಲ. ಈ ಪುಸ್ತಕದಾಗ ಅದನ್ನ ತೋರ್ಸ್ಯಾರ, ನನಗ ಇದ ಸೇರತು." ಬೆನ್ನಿನ ಗಾಯದಿಂದ ಎರಗಾನ್‌ಗೆ ಆಗಾಗ ಮೈ ಸೆಟೆದು ಬೀಳುವಂಥ ನೋವು ಬರುತ್ತಿರುತ್ತದೆ, ಆದರೂ ಮತ್ತೆ ಎದ್ದು ಕತ್ತಿ ಹಿಡಿಯುತ್ತಾನೆ. ಈ ಹುಡುಗ ಆ ಪುಟಗಳನ್ನು ತಾನೇ ಓದಿ ಎಲ್ಲರಿಗೂ ಹೇಳಿದ. ಹೆಗಲಿಗೆ ಪೆಟ್ಟಾದಾಗ ಅವರ ವಸ್ತಾದರು ಹೇಗೆ ನಿಧಾನಕ್ಕೆ ಕೈ ತಿರುಗಿಸಲು ಹಚ್ಚಿದರು ಅಂತ ಎದ್ದು ನಿಂತು ತೋರಿಸಿದ, ಮೊದಲು ಬೆರಳು, ಆಮೇಲೆ ಮೊಣಕೈ, ವಾರಗಳಾದ ಮೇಲೆ ಹೆಗಲು.

ಇದೇ ಹುಡುಗ ಮುಂದೆ ಪುಸ್ತಕದ ಮೇಲೆ ಸಿಟ್ಟಾದ. ಕಾಡಿನ ಹಬ್ಬದ ರಾತ್ರಿ ಡ್ರ್ಯಾಗನ್‌ಗಳ ಶಕ್ತಿಯಿಂದ ಎರಗಾನ್‌ನ ಗಾಯ ಒಮ್ಮೆಲೇ ಮಾಯವಾಗುತ್ತದೆ, ಮೈಗೆ ಹೊಸ ಬಲ ಬರುತ್ತದೆ, ಮುಖದ ಚಹರೆಯೂ ಬದಲಾಗುತ್ತದೆ. "ಇದು ಮೋಸ್ರಿ ಅಕ್ಕೋರ. ಒಂದ ರಾತ್ರ್ಯಾಗ ಆರಾಮ ಮಾಡೋದಿತ್ತಂದ್ರ ಇಷ್ಟು ದಿನ ಯಾಕ ದುಡಿಸಿದ್ರು?" ಅಂದ. ಒಬ್ಬ ಹುಡುಗಿ ಅವನಿಗೆ ಎದುರು ನಿಂತಳು: ನೋವಿದ್ದಾಗಲೂ ಬಿಡಲಿಲ್ಲ ಅನ್ನೋದಕ್ಕೇ ಅವನಿಗೆ ಆ ವರ ಸಿಕ್ಕಿತು, ಸುಮ್ನೆ ಕೂತಿದ್ದರೆ ಸಿಗುತ್ತಿತ್ತಾ ಅಂತ. ಅವನು ಒಪ್ಪಲಿಲ್ಲ. ಕೊನೆತನಕ ಒಪ್ಪಲಿಲ್ಲ. ನನಗೂ ಅವನ ಮಾತೇ ಸರಿ ಅನ್ನಿಸುತ್ತದೆ. ಕಥೆಗಾರ ಕಷ್ಟಪಟ್ಟು ಕಟ್ಟಿದ ನೋವನ್ನು ಇಷ್ಟು ಸಲೀಸಾಗಿ ಇಳಿಸಿಬಿಡಬಾರದಿತ್ತು.

ದಯವಿಟ್ಟು ಗಮನಿಸಿ. ಕಥೆಯ ಕಟ್ಟೋಣದ ಬಗ್ಗೆ, ಯಾವುದು ನ್ಯಾಯವಾಗಿ ಬಂತು ಯಾವುದು ಬರಲಿಲ್ಲ ಎನ್ನುವುದರ ಬಗ್ಗೆ ಮಾತಾಡುತ್ತಿರುವುದು ಒಬ್ಬ ಕುಸ್ತಿ ಹುಡುಗ. ಇವನನ್ನು "ಓದದ ಮಕ್ಕಳು" ಎಂಬ ಲೆಕ್ಕಕ್ಕೆ ಸೇರಿಸಬೇಕಾ?

ಈಗ ರೋರಾನ್‌ನ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನ ಮಕ್ಕಳಿಗೆ ಈ ಪುಸ್ತಕ ಹಿಡಿದದ್ದೇ ಇಲ್ಲಿ.

ಎರಗಾನ್ ವಿದ್ಯೆ ಕಲಿಯುತ್ತಿರುವಾಗ ಅತ್ತ ಅವನ ಹುಟ್ಟೂರು ಕಾರ್ವಹಾಲ್‌ನಲ್ಲಿ ಅವನ ಮಾವನ ಮಗ ರೋರಾನ್ ಇದ್ದಾನೆ. ಮಂತ್ರ ಬರಲ್ಲ, ಡ್ರ್ಯಾಗನ್ ಇಲ್ಲ, ಕೈಯಲ್ಲಿ ಒಂದು ಸುತ್ತಿಗೆ ಅಷ್ಟೇ. ರಾಜನ ಸೈನಿಕರು ಅವನನ್ನು ಹಿಡಿಯಲು ಊರಿಗೆ ಬರುತ್ತಾರೆ. ಊರವರು ಮರ ಕಡಿದು ಅಡ್ಡ ಹಾಕಿ ಕಾಯುತ್ತಾರೆ, ಹೊಡೆದಾಡುತ್ತಾರೆ, ಸಾಯುತ್ತಾರೆ. ಕಟುಕ ಸ್ಲೋನ್ ಊರಿಗೇ ದ್ರೋಹ ಮಾಡುತ್ತಾನೆ, ಅವನ ಮಗಳು, ರೋರಾನ್ ಮದುವೆಯಾಗಬೇಕಿದ್ದ ಕತ್ರೀನಾ, ವೈರಿಗಳ ಕೈಗೆ ಸಿಗುತ್ತಾಳೆ. ಆಗ ರೋರಾನ್ ಊರ ಜನರನ್ನು ಸೇರಿಸಿ ಹೇಳುತ್ತಾನೆ, ಇಲ್ಲಿ ಉಳಿದರೆ ಎಲ್ಲರೂ ಹೋಗುತ್ತೇವೆ, ಊರು ಬಿಡೋಣ. ಮುದುಕರು, ಕೂಸುಗಳು ಎಲ್ಲರನ್ನೂ ಕರೆದುಕೊಂಡು ಬೆಟ್ಟ ಹತ್ತಿ, ಸಮುದ್ರದ ದಂಡೆಗೆ ಇಳಿದು, ಕೊನೆಗೆ ಹಡಗನ್ನೇ ಕದ್ದು ಹೊರಟುಬಿಡುತ್ತಾರೆ.

ನವನಗರ ಅಂದರೆ ಏನು ಅಂತ ಬೆಂಗಳೂರು ಕಡೆಯವರಿಗೆ ಗೊತ್ತಿಲ್ಲದಿರಬಹುದು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಅದರ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಒಂದಷ್ಟು ಭಾಗ, ಕೃಷ್ಣಾ ಘಟಪ್ರಭಾ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಡೆ ಆದವು. ಆ ಜನರಿಗಾಗಿ ಸೆಕ್ಟರ್ ಸೆಕ್ಟರ್ ಅಂತ ಗೆರೆ ಹಾಕಿ ಕಟ್ಟಿದ ಊರು ನಮ್ಮದು. ಈಗ ನೀರು ನಿಲ್ಲುವ ಎತ್ತರ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ಇನ್ನೂ ಇದೆ, ಏರಿದರೆ ಇನ್ನಷ್ಟು ಊರು ಏಳಬೇಕು. ನಮ್ಮ ಮಕ್ಕಳು ಹುಟ್ಟಿದ್ದು ಇದೆಲ್ಲ ಆದ ಮೇಲೆ. ಆದರೆ ಪ್ರತಿ ಮನೆಯಲ್ಲೂ "ಮುಳುಗಡೆಗಿಂತ ಮೊದ್ಲು" "ಮುಳುಗಡೆ ಆದ ಮ್ಯಾಲ" ಅಂತಲೇ ಕಾಲ ಎಣಿಸುತ್ತಾರೆ.

ಇಂಥ ಮಕ್ಕಳ ಕೈಗೆ ರೋರಾನ್ ಸಿಕ್ಕ. ಊರು ಬಿಡುವ ಅಧ್ಯಾಯ ಓದಿದ ದಿನ ಯಾರೂ ಬೇಗ ಮನೆಗೆ ಹೋಗಲಿಲ್ಲ. ಯಾರ ಮನೆಯವರು ಏನು ಹೊತ್ತು ತಂದರು ಅಂತ ಒಬ್ಬೊಬ್ಬರೂ ಹೇಳತೊಡಗಿದರು. ಬಾಗಿಲ ಚೌಕಟ್ಟು ಕಿತ್ತು ತಂದವರು, ತೊಲೆ ತಂದವರು, ಬೀಸೋಕಲ್ಲು ತಂದವರು. ಬೀಸೋಕಲ್ಲು ಈಗ ಉಪಯೋಗಕ್ಕಿಲ್ಲ, ಗಿರಣಿ ಇದೆ, ಆದರೂ ಹಿತ್ತಲಲ್ಲಿ ಇಟ್ಟುಕೊಂಡಿದ್ದಾರೆ. ಕಾರ್ವಹಾಲ್‌ನವರು ಎತ್ತಿಕೊಂಡದ್ದು ದಾರಿಗೆ ಬೇಕಾದಷ್ಟೇ ಸಾಮಾನು, ಅದಕ್ಕೆ ಒಬ್ಬ ಹುಡುಗ, "ಅವರಿಗೆ ರಾತ್ರೋರಾತ್ರಿ ಬಿಡೋದಿತ್ತು, ನಮ್ಮೋರಿಗೆ ನೋಟಿಸ್ ಬಂದಿತ್ತು" ಅಂದ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಈ ಅಧ್ಯಾಯವನ್ನು ಮನೆಗೆ ಹೋಗಿ ಅಜ್ಜಿಗೆ ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿ, "ಊರ ದೇವರನ್ನ ಏನ್ ಮಾಡಿದ್ರು?" ಅಂತ ಕೇಳಿದರಂತೆ. ಮುಂದಿನ ವಾರ ಹುಡುಗಿ ಬಂದು ನಮ್ಮ ಮುಂದೆ ಆ ಪ್ರಶ್ನೆ ಇಟ್ಟಳು. ಹಿಂದಿನ ಪುಟಗಳನ್ನೆಲ್ಲ ತಿರುವಿದೆವು, ಉತ್ತರ ಸಿಗಲಿಲ್ಲ. ಇಲ್ಲಿಯವರಿಗೆ ಅದು ದೊಡ್ಡ ಪ್ರಶ್ನೆ. ಗುಡಿ ಬಿಟ್ಟು ಬರುವುದಾ, ಮೂರ್ತಿ ತರುವುದಾ, ತಂದರೆ ಹೊಸ ಜಾಗದಲ್ಲಿ ಯಾರು ಪ್ರತಿಷ್ಠಾಪನೆ ಮಾಡಬೇಕು, ಜಾತ್ರೆ ಎಲ್ಲಿ ಆಗಬೇಕು, ಇದಕ್ಕೆಲ್ಲ ಪಂಚರು ಕೂತು ತಿಂಗಳುಗಟ್ಟಲೆ ಮಾತಾಡಿದ ಊರುಗಳಿವೆ. ಆ ಹುಡುಗಿ ಹೇಳಿದ್ದು: "ಇದನ್ನ ನಮ್ಮೋರು ಯಾರರೆ ಬರದಿದ್ರ ದೇವರ ವಿಷಯ ಬಿಡ್ತಿದ್ದಿಲ್ಲ."

ಪ್ರಕಾಶಕರೇ, ಈ ಮಾತನ್ನು ನೀವು ಇನ್ನೊಮ್ಮೆ ಓದಿ. ನಮ್ಮೋರು ಯಾರಾದರೂ ಬರೆದಿದ್ದರೆ ಅನ್ನುತ್ತಿದ್ದಾಳೆ. ಬರೆಯುವವರು ನಿಮ್ಮ ಹತ್ತಿರ ಬರುತ್ತಾರೆ, ನೀವು "ಮಕ್ಕಳಿಗೆ 60 ಪುಟ ಸಾಕು, ಚಿತ್ರ ಜಾಸ್ತಿ ಇರಲಿ, ಕೊನೆಗೆ ನೀತಿ ಇರಲಿ" ಅಂತ ಹೇಳಿ ಕಳಿಸುತ್ತೀರಿ. ಅದು ಆರು ವರ್ಷದ ಕೂಸಿಗೆ ಸರಿ. ಹದಿನೈದು ವರ್ಷದವಳಿಗೆ ಊರು ಮುಳುಗುವ ಕಥೆ ಬೇಕು, ಅದರಲ್ಲಿ ಡ್ರ್ಯಾಗನ್ನೂ ಇರಬೇಕು.

ಇನ್ನೊಬ್ಬ ಹುಡುಗ ಗುಳೇದಗುಡ್ಡದ ಮಗ್ಗದ ಮನೆಯವನು, ಇಲ್ಲಿ ಹಾಸ್ಟೆಲಿನಲ್ಲಿದ್ದಾನೆ. ಮನೆಯಲ್ಲಿ ಖಣ ನೇಯುತ್ತಾರೆ. ಪುಸ್ತಕದಲ್ಲಿ ನಸುವಾಡಾ ಎಂಬ ಹುಡುಗಿ ಅಪ್ಪ ಸತ್ತ ಮೇಲೆ ಬಂಡಾಯದ ಪಡೆಯ ನಾಯಕಿ ಆಗುತ್ತಾಳೆ. ಪಡೆ ಸಾಕಲು ದುಡ್ಡಿಲ್ಲ. ಅವಳಿಗೆ ಒಂದು ಉಪಾಯ ಹೊಳೆಯುತ್ತದೆ: ಕೈಯಲ್ಲಿ ಮಾಡಲು ಬಹಳ ದಿನ ಹಿಡಿಯುವ ಲೇಸನ್ನು ಮಂತ್ರಗಾರರಿಂದ ಬೇಗ ಬೇಗ ಮಾಡಿಸಿ ಮಾರುವುದು. ಎಲ್ಲರೂ ಭಲೇ ಅಂದರು. ಹುಡುಗಿಯರಂತೂ ಕತ್ತಿ ಹಿಡಿಯದೆ ಯುದ್ಧದ ಖರ್ಚು ತೂಗಿಸಿದಳು ಅಂತ ಬಹಳ ಖುಷಿಪಟ್ಟರು. ಈ ಹುಡುಗ ಮಾತ್ರ ಕೇಳಿದ: "ಹಂಗಾರ ಕೈಲೆ ಮಾಡಾವ್ರು ಎಲ್ಲಿ ಹೋಗಬೇಕ್ರಿ? ಪಾವರ್‌ಲೂಮ್ ಬಂದಾಗ ನಮ್ಮಪ್ಪಗ ಆಗಿದ್ದು ಇದ ಅಲ್ರಿ?"

ಆ ಭಾನುವಾರ ಮುಂದಕ್ಕೆ ಓದಲಾಗಲಿಲ್ಲ. ಒಳ್ಳೆಯ ಕೆಲಸಕ್ಕೆ ದುಡ್ಡು ಬೇಕು ಅಂತ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯಬಹುದಾ ಎನ್ನುವುದು ಚರ್ಚೆ. ನಸುವಾಡಾ ಪರ ಒಂದು ಗುಂಪು, ರಾಜ ಗೆದ್ದರೆ ಆ ಲೇಸಿನವರೂ ಉಳಿಯಲ್ಲ ಅಂತ. ಮಗ್ಗದ ಹುಡುಗನ ಪರ ಇನ್ನೊಂದು ಗುಂಪು. ಮಂತ್ರದಲ್ಲಿ ಮಾಡಿ ಬಂದ ದುಡ್ಡಿನಲ್ಲಿ ಕೈಕೆಲಸದವರಿಗೂ ಪಾಲು ಕೊಡಬೇಕಿತ್ತು ಅಂತ ಎಂಟನೇ ಕ್ಲಾಸಿನ ಪುಟ್ಟ ಹುಡುಗಿ ತೀರ್ಪು ಕೊಟ್ಟಳು. ಇಡೀ ಪುಸ್ತಕದಲ್ಲಿ ಈ ಲೇಸಿನ ವಿಷಯ ಬರುವುದು ಸಣ್ಣದಾಗಿ. ಇಳಕಲ್ಲು, ಗುಳೇದಗುಡ್ಡ, ರಬಕವಿ ಬನಹಟ್ಟಿ ಇರುವ ಜಿಲ್ಲೆಯಲ್ಲಿ ಅದು ದೊಡ್ಡದಾಯಿತು.

ಎಲ್ವಾ ಎಂಬ ಕೂಸಿನ ಬಗ್ಗೆಯೂ ಹೇಳಬೇಕು. ಮೊದಲ ಭಾಗದಲ್ಲಿ ಎರಗಾನ್ ಒಂದು ಹಸುಗೂಸನ್ನು ಹರಸುತ್ತಾನೆ. ಎರಡನೇ ಭಾಗದಲ್ಲಿ ಗೊತ್ತಾಗುವುದೇನೆಂದರೆ, ಮಂತ್ರ ಹೇಳುವಾಗ ಆದ ಸಣ್ಣ ತಪ್ಪಿನಿಂದ ಆ ಹರಕೆ ಶಾಪವಾಗಿದೆ. ಕೂಸು ಕೆಲವೇ ತಿಂಗಳಲ್ಲಿ ಮೂರ್ನಾಲ್ಕು ವರ್ಷದ ಮಗುವಿನಷ್ಟು ಬೆಳೆದು, ದೊಡ್ಡವರ ದನಿಯಲ್ಲಿ ಮಾತಾಡುತ್ತದೆ, ಸುತ್ತಲಿನವರ ನೋವೆಲ್ಲ ಅದಕ್ಕೆ ತಾಗುತ್ತದೆ, ಅವರನ್ನು ಕಾಪಾಡಲೇಬೇಕೆಂಬ ಒತ್ತಡ ಬಿಡುವುದಿಲ್ಲ. ತಾಯಿ ಹೊಲದ ಕೂಲಿಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಂಡು, ಅಡಿಗೆ ಮಾಡಿಟ್ಟು ಓದಲು ಬರುವ ಒಬ್ಬ ಹುಡುಗಿ ನಮ್ಮ ಗುಂಪಿನಲ್ಲಿದ್ದಾಳೆ. ಹೆಚ್ಚು ಮಾತಾಡುವವಳಲ್ಲ. ಅವಳು ಇಡೀ ಪುಸ್ತಕದಲ್ಲಿ ತನಗೆ ಎಲ್ವಾನೇ ಬಹಳ ಸೇರಿದ್ದು ಅಂದಳು. ಯಾಕೆ ಅಂತ ಕೇಳಿದ್ದಕ್ಕೆ, "ಅಕಿಗೆ ಯಾರೂ ನಿನಗ ಏನ್ ಬೇಕ ಅಂತ ಕೇಳಂಗಿಲ್ರಿ" ಅಂದಳು. ನಾನು ಹದಿನಾರು ವರ್ಷದಿಂದ ಪಾಠ ಮಾಡುತ್ತಿರುವವಳು, ಆ ಹುಡುಗಿಯ ಬಾಯಲ್ಲಿ ಅವಳ ಬದುಕಿನ ಬಗ್ಗೆ ಬಂದ ಮೊದಲ ಮಾತು ಅದು, ಮತ್ತು ಅದನ್ನು ಹೇಳಿಸಿದ್ದು ಒಂದು ಎರಡನೇ ಭಾಗ.

ಇದು ಎರಡನೇ ಭಾಗದಲ್ಲಷ್ಟೇ ಆಗುವಂಥದ್ದು ಅಂತ ನನಗೆ ಅನ್ನಿಸುತ್ತದೆ. ಮೊದಲ ಭಾಗದಲ್ಲಿ ಹರಸಿದ. ಅಲ್ಲಿಗೇ ಪುಸ್ತಕ ನಿಂತಿದ್ದರೆ ಅದು ಚಂದದ ಒಂದು ಪುಟ ಆಗಿ ಉಳಿಯುತ್ತಿತ್ತು. ಮಾಡಿದ್ದರ ಫಲ ಕಾಣಿಸಲು ಕಥೆಗೆ ಜಾಗ ಬೇಕು, ಓದುಗರೂ ಕಥೆಯ ಜೊತೆ ಸ್ವಲ್ಪ ದೊಡ್ಡವರಾಗಬೇಕು. ಎಂಟನೇ ಕ್ಲಾಸಿನಲ್ಲಿ ಮೊದಲ ಭಾಗ ಓದಿದವರು ಒಂಬತ್ತಕ್ಕೆ ಬಂದಾಗ ಎರಡನೇ ಭಾಗ ಕೈಗೆತ್ತಿಕೊಂಡರೆ ಆ ಪುಸ್ತಕಕ್ಕೆ ಸಿಗುವ ಓದುಗ ಬೇರೆಯೇ.

ಕೊನೆಯ ಯುದ್ಧದ ಬಗ್ಗೆ ಜಾಸ್ತಿ ಬರೆಯಲ್ಲ. ಸತ್ತ ಅಂದುಕೊಂಡಿದ್ದ ಗೆಳೆಯ ಮುರ್ತಾಗ್ ಕೆಂಪು ಡ್ರ್ಯಾಗನ್ ಏರಿ ವೈರಿಯಾಗಿ ಬರುತ್ತಾನೆ, ನಾವಿಬ್ಬರೂ ಅಣ್ಣ ತಮ್ಮ ಅನ್ನುತ್ತಾನೆ. ನಮ್ಮ ಮನೆಯ ಪಡಸಾಲೆಯಲ್ಲಿ ಆದ ಗದ್ದಲಕ್ಕೆ ಪಕ್ಕದ ಮನೆಯವರು ಬಂದು ಏನಾಯ್ತು ಅಂತ ಕೇಳಿದರು. ರಾಜ ಅವನನ್ನು ಆಣೆಯಲ್ಲಿ ಕಟ್ಟಿಹಾಕಿದ್ದಾನೆ, ಹಾಗಾದರೆ ಅವನದು ತಪ್ಪಾ ಅಲ್ವಾ ಎಂಬ ವಾದ ಇನ್ನೂ ಮುಗಿದಿಲ್ಲ. ಈ ಮುರ್ತಾಗ್‌ನನ್ನು ಓದುಗರು ಎಷ್ಟು ಹಚ್ಚಿಕೊಂಡರೆಂದರೆ 2023ರಲ್ಲಿ ಅವನ ಹೆಸರಿನಲ್ಲೇ ಒಂದು ಪುಸ್ತಕ ಬಂತು. ಮೂರು ಭಾಗ ಅಂತ ಶುರುವಾದ ಕಥೆ ನಾಲ್ಕಾಯಿತು, 2008ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು. ಓದುಗರು ಕಾದರು, ಪ್ರಕಾಶಕರೂ ಕಾದರು.

ನಮ್ಮಲ್ಲಿ ಯಾಕೆ ಕಾಯಬಾರದು? ಉದ್ದ ಕಥೆ ನಮಗೆ ಹೊಸದಲ್ಲ. ಕನ್ನಡದಲ್ಲಿ ಬರುತ್ತಿದ್ದ ಚಂದಮಾಮದ ಧಾರಾವಾಹಿಗೆ ನಮ್ಮ ಅಪ್ಪ ಅಮ್ಮಂದಿರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಇದೇ ಜಿಲ್ಲೆಯ ಮುಧೋಳದ ರನ್ನ ಭೀಮ ದುರ್ಯೋಧನರ ಗದಾಯುದ್ಧ ಹೇಳುತ್ತಲೇ ಹಿಂದೆ ತಿರುಗಿ ನೋಡಿ ಇಡೀ ಭಾರತದ ಕಥೆ ಸೇರಿಸಿಬಿಟ್ಟ. ಹಿಂದಿನ ಭಾಗ ಮರೆತವರನ್ನು ಮುಂದಿನ ಭಾಗಕ್ಕೆ ಹೇಗೆ ಕರೆದುಕೊಂಡು ಹೋಗಬೇಕು ಅಂತ ಕಲಿಯಬೇಕೆಂದರೆ ಕನ್ನಡದ ಬರಹಗಾರರು ಮುಧೋಳಕ್ಕೆ ಬಂದರೆ ಸಾಕು.

ಕಥೆಗೆ ಬೇಕಾದ ಜಾಗಗಳೂ ಇಲ್ಲೇ ಇವೆ. ಬಾದಾಮಿಯ ಕೆಂಪು ಬಂಡೆಗಳ ನಡುವೆ ಅಗಸ್ತ್ಯತೀರ್ಥದ ಮೇಲೆ ಡ್ರ್ಯಾಗನ್ ಇಳಿಯುವುದನ್ನು ನಮ್ಮ ಮಕ್ಕಳು ಈಗಾಗಲೇ ಚಿತ್ರ ಬರೆದಿದ್ದಾರೆ. ಅಲ್ಲೇ ಬಂಡೆ ಮೇಲೆ ಏಳನೇ ಶತಮಾನದ ಶಾಸನದಲ್ಲಿ ಕಪ್ಪೆ ಅರಭಟ್ಟ ಎಂಬ ವೀರ ಇದ್ದಾನೆ, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್" ಅಂತ ಅವನನ್ನು ಹೊಗಳಿದ್ದಾರೆ. ಒಳ್ಳೆಯವನಿಗೆ ಒಳ್ಳೆಯವನು, ಕಾಡಿಸಿದವನಿಗೆ ಕಂಟಕ. ಅವನ ಕಥೆ ಏನು, ಯಾರ ಜೊತೆ ಕಾದಾಡಿದ, ನಮ್ಮ ಮಕ್ಕಳು ಕೇಳುತ್ತಿರುತ್ತಾರೆ. ನಾಲ್ಕು ಭಾಗಕ್ಕೆ ಸಾಲುವಷ್ಟು ಕಥೆ ಆ ಒಂದು ಬಂಡೆಯಲ್ಲಿದೆ. ಬರೆಯುವವರನ್ನು ಹುಡುಕಿ, ಮುಂಗಡ ಕೊಟ್ಟು ಕೂರಿಸಿ, ಎರಡನೇ ಭಾಗದ ಒಪ್ಪಂದವನ್ನು ಮೊದಲನೆಯದರ ಜೊತೆಗೇ ಮಾಡಿಕೊಳ್ಳಿ. ಮೊದಲನೆಯದು ಎಷ್ಟು ಮಾರಾಟವಾಗುತ್ತದೋ ನೋಡಿ ಆಮೇಲೆ ಹೇಳುತ್ತೇವೆ ಅಂದರೆ ಬರೆಯುವವರಿಗೂ ಧೈರ್ಯ ಬರಲ್ಲ, ಓದುವವರಿಗೂ ಬರಲ್ಲ. ಅರ್ಧಕ್ಕೆ ನಿಲ್ಲುವ ಕಥೆಗೆ ಹುಡುಗರು ಯಾಕೆ ಮನಸ್ಸು ಕೊಡಬೇಕು ಹೇಳಿ.

ಈಗ ಗ್ರಂಥಾಲಯದ ಪುಸ್ತಕ ಆಯ್ಕೆ ಸಮಿತಿಯವರಿಗೆ ಒಂದು ಮಾತು. 1965ರ ಕಾಯ್ದೆಯಿಂದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ, ಆಸ್ತಿ ತೆರಿಗೆ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. 2020ರಲ್ಲಿ 'ಓದುವ ಬೆಳಕು' ಅಭಿಯಾನ ಶುರುವಾದಾಗ ಹಳ್ಳಿ ಮಕ್ಕಳು ಪಂಚಾಯಿತಿ ಗ್ರಂಥಾಲಯಕ್ಕೆ ಬರತೊಡಗಿದರು, ಅದು ಬಹಳ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಪುಸ್ತಕಗಳ ಸಗಟು ಖರೀದಿ ಆಯಾ ವರ್ಷ ಮೊದಲ ಮುದ್ರಣವಾದ ಪುಸ್ತಕಗಳ ಲೆಕ್ಕದಲ್ಲಿ ನಡೆಯುತ್ತದೆ. ಭಾಗಭಾಗವಾಗಿ ಬರುವ ಕಥೆಗೆ ಇದರಿಂದ ತೊಂದರೆ. ಒಂದನೇ ಭಾಗ ಒಂದು ವರ್ಷದ ಪಟ್ಟಿಯಲ್ಲಿ ಆಯ್ಕೆ ಆಗಬಹುದು, ಎರಡನೆಯದು ಬೇರೆ ವರ್ಷದ ಪಟ್ಟಿಯಲ್ಲಿ ಬಿಟ್ಟುಹೋಗಬಹುದು. ಒಂದು ಕಥೆಯ ಮೊದಲ ಭಾಗ ಆರಿಸಿದರೆ ಉಳಿದ ಭಾಗಗಳನ್ನೂ ತಾನಾಗಿಯೇ ತೆಗೆದುಕೊಳ್ಳಬೇಕು ಅಂತ ಒಂದು ನಿಯಮ ಮಾಡಿ. ಎರಡನೇ ಭಾಗ ಕೆಟ್ಟದಾಗಿದ್ದರೆ? ಇರಲಿ. ಕೆಟ್ಟದು ಅಂತ ಹೇಳುವ ಹಕ್ಕು ಮೊದಲನೆಯದನ್ನು ಓದಿದ ಮಕ್ಕಳಿಗೆ ಇದೆ, ಅದಕ್ಕಾದರೂ ಪುಸ್ತಕ ಕೈಗೆ ಸಿಗಬೇಕು.

ನಾನು ಇದನ್ನು ನೋಡಿಯೇ ಹೇಳುತ್ತಿದ್ದೇನೆ. ಹತ್ತಿರದ ಒಂದು ಗ್ರಂಥಾಲಯದಲ್ಲಿ ಒಂದು ಸರಣಿಯ ಮೊದಲನೇ ಮತ್ತು ಮೂರನೇ ಭಾಗ ಮಾತ್ರ ಇದೆ, ಎರಡೂ ಗಾಜಿನ ಬೀರುವಿನಲ್ಲಿ ಬೀಗದೊಳಗೆ. ಮೂರನೇ ಭಾಗದ ಹಾಳೆಗಳು ಇನ್ನೂ ಅಂಟಿಕೊಂಡೇ ಇವೆ. ಮೊದಲ ಭಾಗದ ಅಂಚು ಮಾತ್ರ ಕೈ ಬೆವರಿಗೆ ಕಪ್ಪಾಗಿದೆ. ಎಷ್ಟು ಮಕ್ಕಳು ಅದನ್ನು ಓದಿ, ಎರಡನೆಯದು ಕೇಳಿ, ಇಲ್ಲ ಅನ್ನಿಸಿಕೊಂಡು ಹೋಗಿರಬಹುದು. ಆಮೇಲೆ ನಾವೇ, ಮಕ್ಕಳು ಓದುವುದನ್ನು ಬಿಟ್ಟರು ಅಂತ ಭಾಷಣ ಮಾಡುತ್ತೇವೆ.

ತಂದೆ ತಾಯಿಗಳಿಗೂ ಒಂದೇ ಮಾತು: ಎಸ್ಸೆಸ್ಸೆಲ್ಸಿ ವರ್ಷ ಕಥೆ ಪುಸ್ತಕ ಯಾಕೆ ಅಂತ ಕಸಿದುಕೊಳ್ಳಬೇಡಿ. ಇಷ್ಟು ದಪ್ಪದ ಪುಸ್ತಕ ಓದಿ ಮುಗಿಸಿದವರಿಗೆ ಪ್ರಶ್ನೆಪತ್ರಿಕೆಯ ಗದ್ಯಭಾಗ ಯಾವ ಲೆಕ್ಕ.

ಪ್ರಕಾಶಕರೇ, ಇನ್ನೊಂದು ವಿನಂತಿ. ಮಕ್ಕಳ ಪುಸ್ತಕ ಚಲೋ ಇದೆಯೋ ಇಲ್ಲವೋ ಅಂತ ನೀವು ದೊಡ್ಡವರನ್ನೇ ಕೇಳುತ್ತೀರಿ. ಮುನ್ನುಡಿ ಪ್ರೊಫೆಸರರದ್ದು, ಬೆನ್ನುಡಿ ಹಿರಿಯ ಸಾಹಿತಿಗಳದ್ದು, ಬಿಡುಗಡೆಯ ದಿನ ವೇದಿಕೆ ಮೇಲೂ ಅವರೇ. ಓದಬೇಕಾದವರು ಕೆಳಗೆ ಸಮವಸ್ತ್ರದಲ್ಲಿ ಕೂತಿರುತ್ತಾರೆ, ಸ್ವಾಗತಗೀತೆ ಹಾಡಲು ಕರೆಸಿರುತ್ತೀರಿ. ಅವರ ಅಭಿಪ್ರಾಯ ಯಾರೂ ಕೇಳಲ್ಲ. ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಇಂಥ ನಾಲ್ಕು ಗುಂಪುಗಳಿಗೆ ಕೊಡಿ, ಬೆಳಗಾವಿಯಲ್ಲಿ ಒಂದು, ವಿಜಯಪುರದಲ್ಲಿ ಒಂದು, ಇಲ್ಲೊಂದು, ಬೇಕಾದರೆ ನಿಮ್ಮೂರಲ್ಲೂ ಒಂದು. ಗಾಯ ಒಂದೇ ರಾತ್ರಿಯಲ್ಲಿ ಮಾಯ ಆದರೆ ಅದು ಮೋಸ ಅಂತ ಮುಖಕ್ಕೆ ಹೊಡೆದಂತೆ ಹೇಳುವವರು ಅಲ್ಲಿ ಸಿಗುತ್ತಾರೆ. ಕೇಳಿದರೆ ಕಥೆಗೂ ಒಳ್ಳೆಯದು, ನಿಮ್ಮ ವ್ಯಾಪಾರಕ್ಕೂ ಒಳ್ಳೆಯದು.

ನಮ್ಮ ಗುಂಪು ತಯಾರಿದೆ. ಎಷ್ಟೇ ಪುಟ ಇರಲಿ, ಕಳಿಸಿ. ಕಾಗದದಲ್ಲಿ ಕಳಿಸಿದರೆ ಒಳ್ಳೆಯದು, ಎಲ್ಲರ ಮನೆಯಲ್ಲೂ ದೊಡ್ಡ ಫೋನ್ ಇಲ್ಲ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಯಾಕೆಂದರೆ ಒಂದೊಂದು ಪ್ರತಿಯನ್ನು ನಾಲ್ಕೈದು ಜನ ಸುತ್ತ ಕೂತು ಓದುತ್ತಾರೆ. ಎಲ್ಲಿ ಬೇಸರವಾಯಿತು, ಎಲ್ಲಿ ನಂಬಲಾಗಲಿಲ್ಲ, ಯಾರು ಸಾಯಬಾರದಿತ್ತು, ಎಲ್ಲ ಬರೆದು ತಿಂಗಳೊಳಗೆ ವಾಪಸ್ ಕಳಿಸುತ್ತೇವೆ. ದುಡ್ಡು ಬೇಡ. ಪುಸ್ತಕ ಬಂದ ಮೇಲೆ ಎರಡು ಪ್ರತಿ ಕೊಡಿ, ಎರಡನೇ ಭಾಗ ಯಾವ ತಿಂಗಳಿಗೆ ಬರುತ್ತದೆ ಅಂತ ಕೊನೇ ಪುಟದಲ್ಲಿ ಅಚ್ಚು ಹಾಕಿಸಿ.

ಇಂತಿ,
ಒಬ್ಬ ಹೈಸ್ಕೂಲ್ ಟೀಚರ್ ಮತ್ತು ಭಾನುವಾರದ ಓದುಗರು
ನವನಗರ, ಬಾಗಲಕೋಟೆ